ರಟ್ಟೆ ನೋವಿನ ಲೆಕ್ಕ

ನಮ್ಮ ಹಾಸ್ಟೆಲ್ ಹಿಂದೆ ಒಂದು ಪುಲ್-ಅಪ್ ಬಾರ್ ಇದೆ. ಅದಕ್ಕೆ ನೇತಾಡಿ ಮೈಯನ್ನ ಮೇಲಕ್ಕೆ ಎಳೆದುಕೊಳ್ಳೋ ತಾಕತ್ತು ನಮ್ಮ ರೂಮಿನ ನಾಲ್ವರಲ್ಲಿ ಯಾರಿಗೂ ಇಲ್ಲ. ಸೀನಿಯರ್ ಒಬ್ಬರು ದಾರಿ ಹೇಳಿಕೊಟ್ಟರು: ಸ್ಟೂಲ್ ಮೇಲೆ ನಿಂತು ಬಾರ್ ಹಿಡಿದು, ನಿಧಾನಕ್ಕೆ ಕೆಳಗಿಳಿಯೋದು. ಇಳಿದೆವು. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಶುರುವಾಯ್ತು ನೋಡಿ! ಮೊಣಕೈ ಪೂರ್ತಿ ಚಾಚೋಕಾಗಲ್ಲ, ಮಗ್ ಎತ್ತಿ ತಲೆ ಮೇಲೆ ನೀರು ಹಾಕ್ಕೊಳ್ಳೋಕಾಗಲ್ಲ, ಟೀ ಶರ್ಟ್ ಬಿಚ್ಚೋಕೂ ಒಬ್ಬರಿಗೊಬ್ಬರು ಆಸರೆ.

ನಮ್ಮಲ್ಲೊಬ್ಬ ಅಜ್ಜಿಗೆ ಫೋನ್ ಮಾಡಿ "ಬೈಸೆಪ್ಸ್ ನೋವು" ಅಂದ. "ಏನೋ ಅದು, ರಟ್ಟೆ ನೋವಾ?" ಅಂದ್ರು. ಇಂಗ್ಲಿಷ್ ಮೀಡಿಯಂನವರಾದ ನಮಗೆ ಆ ಪದ ಹೊಸದು.

ಕಾರಣ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ, ಲ್ಯಾಕ್ಟಿಕ್ ಆಸಿಡ್. ಆದ್ರೆ ಲೆಕ್ಕ ಕೂಡಲ್ಲ. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತೆ. ಈ ನೋವು ಜೋರಾಗೋದು 24ರಿಂದ 72 ಗಂಟೆ ಕಳೆದ ಮೇಲೆ. ಸ್ನಾಯು ಬಲ ಹಾಕ್ತಾನೇ ಉದ್ದವಾಗಬೇಕಾದಾಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಹರುಕುಗಳಾಗುತ್ತವೆ. ರಿಪೇರಿ ಶುರುವಾದಾಗ ಅಲ್ಲಿ ಉರಿಯೂತ, ಮುಟ್ಟಿದರೆ ನೋವು. ಅಂದ್ರೆ ಹತ್ತೋದಕ್ಕಿಂತ ಇಳಿಯೋದೇ ರಟ್ಟೆಗೆ ಹೆಚ್ಚು ಪೆಟ್ಟು.

ಇನ್ನೊಂದು ಲೆಕ್ಕ ನಮ್ಮ ಸಿಲಬಸ್‌ನದ್ದೇ. ಬೈಸೆಪ್ಸ್ ಮುಂಗೈ ಮೂಳೆಗೆ ಅಂಟಿಕೊಂಡಿರೋದು ಮೊಣಕೈ ಕೀಲಿನಿಂದ ಬರೀ 4–5 ಸೆಂ.ಮೀ. ದೂರದಲ್ಲಿ. ಹಿಡಿದ ಡಂಬೆಲ್ ಇರೋದು ಸುಮಾರು 35 ಸೆಂ.ಮೀ. ದೂರದಲ್ಲಿ. ಮೊಮೆಂಟ್ ತಗೊಳ್ಳಿ: 5 ಕೆ.ಜಿ. ಹಿಡಿಯೋಕೆ ಸ್ನಾಯು 40 ಕೆ.ಜಿ. ಆಸುಪಾಸು ಎಳೀಬೇಕು, ಮುಂಗೈ ತೂಕ ಬಿಟ್ಟು. ಪಾಪದ ರಟ್ಟೆ.

ಇಂಥ ನೋವಿಗೆ ದೊಡ್ಡ ಔಷಧಿ ಏನಿಲ್ಲ. ಬಿಸಿನೀರು, ನಿದ್ದೆ, ಕೈಯನ್ನ ಹಗುರವಾಗಿ ಆಡಿಸೋದು. ನಾಲ್ಕೈದು ದಿನಕ್ಕೆ ಹೋಗುತ್ತೆ. ಅದೇ ವ್ಯಾಯಾಮ ಮತ್ತೆ ಮಾಡಿದಾಗ ಅಷ್ಟು ನೋವೂ ಬರಲ್ಲ, ನಮಗೂ ಬರಲಿಲ್ಲ.

ಆದ್ರೆ ಪಕ್ಕದ ವಿಂಗಿನ ಗೆಳೆಯನದ್ದು ಬೇರೆ ಕಥೆ. ಪಂಥ ಕಟ್ಟಿ ಒಂದೇ ಸಂಜೆ ಲೆಕ್ಕವಿಲ್ಲದಷ್ಟು ಡಿಪ್ಸ್ ಹೊಡೆದಿದ್ದ. ಎರಡನೇ ದಿನಕ್ಕೆ ರಟ್ಟೆ ಊದಿ ಬಿಗಿಯಾಗಿತ್ತು. ಮೂರನೇ ದಿನ ಬೆಳಿಗ್ಗೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತು. ನೋವಿನ ಮಾತ್ರೆ ನುಂಗಿ ಇಂಟರ್ನಲ್ಸ್ ಬರೆಯೋಕೆ ಹೊರಟವನನ್ನ ನಾವು ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ದಾರಿಯುದ್ದಕ್ಕೂ ಬೈದ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ತಕ್ಷಣ ಅಡ್ಮಿಟ್ ಮಾಡಿಕೊಂಡರು. ರಾಬ್ಡೊಮಯೊಲಿಸಿಸ್ ಅಂತೆ: ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಕೊಡುತ್ತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಆಗ ಕಿಡ್ನಿಗೆ ಇನ್ನಷ್ಟು ಹೊರೆ. ನಾಲ್ಕು ದಿನ ಡ್ರಿಪ್ ಹಾಕಿದ್ರು. ಅವನ ಅಮ್ಮ ಊರಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ನಿಂತಾಗ ನಾವ್ಯಾರೂ ಮಾತಾಡಲಿಲ್ಲ.

ಕೈ ಜೋಮು ಹಿಡಿದು ಶಕ್ತಿ ಕಳ್ಕೊಂಡರೆ, ಟಕ್ ಅಂತ ಸದ್ದಾಗಿ ರಟ್ಟೆಯಲ್ಲಿ ಗಂಟು ಎದ್ದರೆ, ಅದೂ ಡಾಕ್ಟರ್ ಹತ್ರ ಹೋಗಬೇಕಾದ ಕೇಸೇ. ಮನೆಯಲ್ಲಿ ದೊಡ್ಡವರು ಎದೆ ಬಿಗಿತ, ಬೆವರಿನ ಜೊತೆ ತೋಳು ನೋವು ಅಂದ್ರಂತೂ ಒಂದು ನಿಮಿಷವೂ ಕಾಯಬೇಡಿ.

ಗೆಳೆಯ ಈಗ ಆರಾಮ. ವಿಂಗಿನಲ್ಲಿ ಯಾರಾದ್ರೂ ಕೈನೋವು ಅಂದ್ರೆ ಮೊದಲು ಮೂತ್ರದ ಬಣ್ಣ ಕೇಳ್ತಾನೆ. ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ರೂ ಬಿಡಲ್ಲ.