ಉಡುಗೊರೆಯ ಪತ್ರ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನಾವು ಮೊದಲ ಬಾರಿಗೆ ಸ್ವಂತ ಮನೆ ಕೊಳ್ಳಲು ಹೊರಟಾಗ ನಡೆದ ಪ್ರಸಂಗವಿದು. ಮನೆಯ ಬೆಲೆ 2,40,000 ಪೌಂಡ್. ಶೇಕಡಾ 10ರಷ್ಟನ್ನು ನಾವೇ ಹಾಕಬೇಕಿತ್ತು. ನಮ್ಮಲ್ಲಿದ್ದುದು 10,000, ಉಳಿದ 14,000 ಪೌಂಡನ್ನು ಶಿವಮೊಗ್ಗದ ಭಾವನವರು ಅಡಕೆಯ ಹಣದಿಂದ ಕಳುಹಿಸಿದರು.

ಬಂಧುಗಳು ಕೊಟ್ಟ ಹಣವನ್ನು ಇಲ್ಲಿನ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಆದರೆ ಇದು ಉಡುಗೊರೆ, ಮರಳಿ ಕೇಳುವುದಿಲ್ಲ, ಮನೆಯಲ್ಲಿ ಪಾಲು ಬೇಡುವುದಿಲ್ಲ ಎಂದು ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಸಾಲವಾದರೆ ಅದರ ಕಂತೂ ನಮ್ಮ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ.

ಭಾವನವರು ಬರೆದುಕೊಡಲು ಸಿದ್ಧರಿದ್ದರು. ಆದರೆ ಅವರ ಮಗಳ ವಿವಾಹದ ಹೊತ್ತಿಗೆ ಹಿಂದಿರುಗಿಸುವೆನೆಂದು ನಾನು ಮಾತು ಕೊಟ್ಟಿದ್ದೆ, ಅವರು ಬೇಡವೆಂದಿರಲಿಲ್ಲ. "ಎಲ್ಲರೂ ಬರೆಯುವ ಕಾಗದ, ಯಾರು ವಿಚಾರಿಸುತ್ತಾರೆ?" ಎಂದರು ಸಾಲ ಕೊಡಿಸುವ ಮಧ್ಯವರ್ತಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಪತ್ರ ಬರೆಯುವುದನ್ನು, ಎಣಿಸಿದೆ. ಬಾಲ್ಯದಲ್ಲಿ ಅರ್ಥವರಿಯದೆ ಬಾಯಿಪಾಠ ಮಾಡಿದ್ದ ಪದ! ಇಲ್ಲಿ ಸಹಿಯೂ ನನ್ನದಲ್ಲ. ನನ್ನ ಮನೆಗಾಗಿ ಅವರ ವ್ರತಕ್ಕೆ ಕುಂದು ತರುವುದೆ?

ಸಾಲವೆಂದೇ ತಿಳಿಸಿದೆವು. ಎರಡು ವಾರದೊಳಗೆ ಅರ್ಜಿ ತಿರಸ್ಕೃತವಾಯಿತು. ಬ್ಯಾಂಕಿನವರ ಮೇಲೆ ನನಗೆ ಕೋಪವಿಲ್ಲ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಕಿಟಕಿಯ ಪರದೆಗೆ ಬಟ್ಟೆಯನ್ನೂ ಆರಿಸಿಟ್ಟಿದ್ದ ನನ್ನ ಶ್ರೀಮತಿ ಎರಡು ದಿನ ಹೆಚ್ಚು ಮಾತನಾಡಲಿಲ್ಲ.

ಹಣ ಹಿಂದಕ್ಕೆ ಕಳುಹಿಸಿದಾಗ ಭಾವನವರು ದೂರವಾಣಿಯಲ್ಲಿ ನೊಂದು ನುಡಿದರು: "ಹಿಂದಿರುಗಿಸುವೆನೆಂದು ಹೇಳಿದವನು ನೀನು. ನಾನು ಎಂದಾದರೂ ಕೇಳಿದ್ದೆನೇನಪ್ಪಾ?"

ನಾನು ಏನೂ ಹೇಳಲಾರದೆ ಹೋದೆ.