ಬ್ಯಾಟ್ರಿ ತಗಂಡ್ಯಾ?

ಸಂಜೆಯ ಮೇಲೆ ಯಾರು ಹೊಸ್ತಿಲು ದಾಟಿದರೂ ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು: “ಬ್ಯಾಟ್ರಿ ತಗಂಡ್ಯಾ?” ಕೊಟ್ಟಿಗೆಗೆ ಹೋಗುವವರಿಗೂ ಅದೇ ಮಾತು, ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ತರಲು ಹೋಗುವವರಿಗೂ ಅದೇ ಮಾತು. ನಮ್ಮ ಮಲೆನಾಡಿನಲ್ಲಿ ಟಾರ್ಚು ಅನ್ನುವವರು ಕಡಿಮೆ. ಅದು ಬ್ಯಾಟ್ರಿ, ಅದರ ಹೊಟ್ಟೆಗೆ ಹಾಕುವುದು ಶೆಲ್ಲು. ಜಗಲಿಯ ಗೋಡೆಯ ಗೂಡು ಅದರ ಜಾಗ. ಕತ್ತಲಲ್ಲಿ ಕೈ ಚಾಚಿದರೆ ಸಿಗಬೇಕು. ಬೇರೆಲ್ಲೋ ಇಟ್ಟವರು ಬೈಸಿಕೊಳ್ಳುತ್ತಿದ್ದರು.

ಅಜ್ಜನ ಕಾಲದಲ್ಲಿ ಆ ಕೆಲಸ ಸೂಡಿಯದು. ಒಣಗಿದ ತೆಂಗಿನ ಗರಿ ಬಿಗಿದು ಕಟ್ಟಿ, ತುದಿಗೆ ಬೆಂಕಿ ಹಚ್ಚಿ, ಬೀಸುತ್ತ ನಡೆಯಬೇಕು. ಬೀಸಿದರೆ ಉರಿ, ನಿಂತರೆ ಬರೀ ಕೆಂಡ. ಗದ್ದೆ ಬಯಲು ದಾಟಿ ಯಕ್ಷಗಾನದ ಆಟ ನೋಡಲು ಹೋಗುವವರು ಬರುವಾಗಿನ ದಾರಿಗೆಂದು ಇನ್ನೊಂದು ಸೂಡಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಡುತ್ತಿದ್ದರಂತೆ. ಆದರೆ ಬೆಳಕು ಹೆಚ್ಚು ಬೇಕಾದ ಮಳೆಗಾಲದಲ್ಲೇ ಸೂಡಿ ಕೈಕೊಡುತ್ತಿತ್ತು.

ಅಪ್ಪಯ್ಯನದು ಮೂರು ಶೆಲ್ಲಿನ ಬ್ಯಾಟ್ರಿ. ಹಿಂದಿನ ಮುಚ್ಚಳದೊಳಗೆ, ಸ್ಪ್ರಿಂಗಿನ ಬುಡದಲ್ಲಿ, ಒಂದು ಹೆಚ್ಚುವರಿ ಬಲ್ಬು ಕೂತಿರುತ್ತಿತ್ತು. ಬಳಸದ ದಿನಗಳಲ್ಲಿ ಅವರು ಶೆಲ್ಲು ಹೊರಗೆ ತೆಗೆದಿಡುತ್ತಿದ್ದರು. ಅದು ಯಾಕೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಶೆಲ್ಲಿನ ಮೈಯಾದ ಸತುವಿನ ಡಬ್ಬವೇ ಕರೆಂಟು ಹುಟ್ಟುವಾಗ ಕರಗುತ್ತದೆ. ತೆಳುವಾದ ಕಡೆ ತೂತು ಬಿದ್ದು, ಒಳಗಿನ ರಸ ಸೋರಿ ಬ್ಯಾಟ್ರಿಯನ್ನೇ ತಿಂದುಹಾಕುತ್ತದೆ. ಮುಗಿಯುತ್ತ ಬಂದ ಶೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ನೂಕುವುದೂ ಇತ್ತು. ಬೆಳಕು ಹಳದಿಗೆ ತಿರುಗಿ, ಕೆಂಪಾಗಿ, ಕಣ್ಣು ಮುಚ್ಚುವ ಮೊದಲು ಮನೆ ಸೇರಬೇಕು.

ನನಗೆ ಬ್ಯಾಟ್ರಿಯ ಬೆಲೆ ತಿಳಿದದ್ದು ಒಂದು ಮಾರ್ಚ್ ತಿಂಗಳ ರಾತ್ರಿ. ತೋಟಕ್ಕೆ ನೀರು ಬಿಡುವ ಕಾಲ. ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ನಡುರಾತ್ರಿ ಕಳೆದ ಮೇಲೆ. ಮೋಟಾರು ಹಾಕಲು ಅಪ್ಪಯ್ಯನ ಜೊತೆ ಹೊರಟೆ. ಬ್ಯಾಟ್ರಿ ನನ್ನ ಕೈಯಲ್ಲಿತ್ತು. ನಾನು ಮುಂದಿನ ಮರಗಳ ತಲೆಗೆಲ್ಲ ಬೆಳಕು ಬಿಡುತ್ತ ನಡೆಯುತ್ತಿದ್ದೆ. “ದೂರ ಎಂತ ನೋಡ್ತಿ? ಕೆಳಗೆ ಬಿಡು, ಮಂಡಿ ಹತ್ರ ಹಿಡಿ” ಅಂದರು. ಹಿಡಿದೆ. ಬಸಿಗಾಲುವೆಯ ಪಕ್ಕ, ಎರಡು ಹೆಜ್ಜೆ ಆಚೆ, ಉದುರಿದ ತರಗೆಲೆಗಳ ನಡುವೆ ಒಂದು ನೆರಳು ಮಾತ್ರ ಎಲೆಗಳಿಗಿಂತ ದಪ್ಪವಾಗಿ ಎದ್ದು ಕಂಡಿತು. ಕೊಳಕುಮಂಡಲ. ಸುತ್ತಿಕೊಂಡು ಮಲಗಿತ್ತು, ಅಲುಗಲಿಲ್ಲ. ಅಪ್ಪಯ್ಯ ನನ್ನ ಹೆಗಲು ಹಿಡಿದು ಹಿಂದಕ್ಕೆಳೆದರು. ನಾವು ಸುತ್ತು ಬಳಸಿ ಹೋದೆವು.

ಬೆಳಕನ್ನು ತಲೆಯೆತ್ತರದಿಂದ ನೇರ ಕೆಳಗೆ ಬಿಟ್ಟರೆ ನೆಲ ಚಪ್ಪಟೆಯಾಗಿ ಕಾಣುತ್ತದೆ. ಕಲ್ಲಿಗೂ ಎಲೆಗೂ ಹಾವಿಗೂ ನೆರಳು ಬೀಳುವುದಿಲ್ಲ. ತಗ್ಗಿನಲ್ಲಿ ಓರೆಯಾಗಿ ಹಿಡಿದರೆ ಪ್ರತಿಯೊಂದಕ್ಕೂ ನೆರಳು ಹುಟ್ಟುತ್ತದೆ. ಮಂಜು ಮಳೆಯಲ್ಲೂ ಇದೇ ಸರಿ, ಹನಿಗಳ ಹೊಳಪು ಕಣ್ಣಿಗೆ ಮರಳಿ ರಾಚುವುದಿಲ್ಲ. ಕಣ್ಣಿನ ಪಕ್ಕದಲ್ಲೇ ಹಿಡಿದರೆ ಬೇರೆಯೇ ಲೋಕ ತೆರೆಯುತ್ತದೆ, ಅದನ್ನೂ ಹೇಳದೆ ಬಿಡಲಾರೆ. ಅಂಗಳದ ಹುಲ್ಲಿನಲ್ಲಿ ಇಬ್ಬನಿಯಂತೆ ನೀಲಿಹಸಿರು ಚುಕ್ಕಿಗಳು ಮಿನುಗುತ್ತವೆ. ಹತ್ತಿರ ಹೋದರೆ ಪ್ರತಿ ಚುಕ್ಕಿಯೂ ಒಂದು ಜೇಡದ ಕಣ್ಣು.

ಮತ್ತೆ ಹಾವಿನ ಮಾತಿಗೆ ಬಂದರೆ, ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಒಳ್ಳೆಯ ಕೆಲಸ. ಆದರೆ ರಾತ್ರಿ ಮೋಟಾರು ಹಾಕಲು ಹೋಗುವವನ ಕೈಯಲ್ಲಿ ಏನಿದೆ ಎಂದೂ ಯಾರಾದರೂ ವಿಚಾರಿಸಬೇಕು ಅನ್ನಿಸುತ್ತದೆ. ಬಹಳ ಸಲ ಇರುವುದು ಮೊಬೈಲು. ಅದರ ಬೆಳಕು ನಾಲ್ಕು ಮಾರು ದಾಟುವುದರೊಳಗೆ ಚದುರಿಹೋಗುತ್ತದೆ. ಸಂಕದ ಮೇಲೆ ಕೈಜಾರಿದರೆ ಬೆಳಕೂ ಹೋಯಿತು, ಯಾರನ್ನಾದರೂ ಕರೆಯುವ ದಾರಿಯೂ ಹೋಯಿತು.

ಈಗಿನ ಎಲ್‌ಇಡಿ ಬ್ಯಾಟ್ರಿಗಳ ಬಗ್ಗೆ ನನಗೆ ನಿಜವಾದ ಕೃತಜ್ಞತೆಯಿದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಾಗ ನನಗೆ ನೆನಪಾದದ್ದು ಅಪ್ಪಯ್ಯನ ಕೆಂಪಾಗುತ್ತಿದ್ದ ಬಲ್ಬು. ಕೊಳ್ಳುವಾಗ ನಾನು ನೋಡುವುದು ಬೆಳಕು ಎಷ್ಟು ದೂರ ಹೋಗುತ್ತದೆ ಎಂದಲ್ಲ, ಎಷ್ಟು ತಗ್ಗಿಸಬಹುದು ಎಂದು. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಬಿಟ್ಟರೆ ಅಷ್ಟೂ ವ್ಯರ್ಥ. ಆಮೇಲೆ, ಒದ್ದೆ ಕೈಗೆ ಸಿಗುವ ಒಂದೇ ಗುಂಡಿ, ನೀರು ಇಳಿಯದ ಮುಚ್ಚಳ, ಕೈಗೆ ಹಾಕಿಕೊಳ್ಳಲು ಬಳ್ಳಿ, ಬಿಚ್ಚಿ ಬದಲಿಸಬಹುದಾದ ಶೆಲ್ಲು. ಶೆಲ್ಲು ಬದಲಿಸಲು ಬಾರದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ನೆಂಟರು ರಾತ್ರಿ ಹೊರಟರೆ ಅಪ್ಪಯ್ಯ ದಣಪೆಯವರೆಗೆ ಹೋಗಿ, ಅವರ ಕಾಲ ಮುಂದೆ ಬೆಳಕು ಬೀಳುವಂತೆ ಹಿಂದಿನಿಂದ ಹಿಡಿದು ನಿಲ್ಲುತ್ತಿದ್ದರು. ದೂರದವರಾದರೆ ಬ್ಯಾಟ್ರಿಯನ್ನೇ ಕೊಟ್ಟು ಕಳಿಸುತ್ತಿದ್ದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಅಂಗಳಕ್ಕಿಳಿಯುವಂತಿರಲಿಲ್ಲ. ಹಾಗಾಗಿ ನಾನೀಗ ಗೂಡಿನಲ್ಲಿ ಎರಡು ಇಟ್ಟಿದ್ದೇನೆ. ಹೋದ ವಾರ ಜೋರು ಮಳೆಯಲ್ಲಿ ಹಾಲು ತಂದುಕೊಟ್ಟ ಆಚೆಮನೆಯ ಹುಡುಗ ಒಂದನ್ನು ಒಯ್ದ. ಇನ್ನೂ ವಾಪಸು ತಂದಿಲ್ಲ. ಮಳೆಗಾಲ ಮುಗಿಯುವವರೆಗೆ ಅವನ ಹತ್ತಿರವೇ ಇರಲಿ.