ನಾಯಿ ಮಾಡಿದ ಪಾಪ

ಕಳೆದ ವೈಶಾಖದ ಒಂದು ಸಂಜೆ, ಹಾಲು ತರಲೆಂದು ಹೋದ ನನ್ನ ಮಗಳು ತಂಬಿಗೆಯಲ್ಲಿ ಹಾಲನ್ನೂ ಲಂಗದ ಮಡಿಲಿನಲ್ಲಿ ಒಂದು ನಾಯಿಮರಿಯನ್ನೂ ಹೊತ್ತು ಮರಳಿದಾಗ, ಜಗಲಿಯ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿಯವರು, ಹಾಲನ್ನು ಒಳಕ್ಕೆ ಒಯ್ಯುವಂತೆಯೂ ಮರಿಯನ್ನು ತಂದಲ್ಲಿಯೇ ಬಿಟ್ಟು ಬರುವಂತೆಯೂ ಒಂದೇ ಉಸಿರಿನಲ್ಲಿ ಆಜ್ಞಾಪಿಸಿದರು. ಹಾಲು ಒಳಕ್ಕೆ ಹೋಯಿತು, ಮರಿ ಹೋಗಲಿಲ್ಲ. ಹಾಲಿನವರ ಕೊಟ್ಟಿಗೆಯಲ್ಲಿ ಹುಟ್ಟಿ, ಎರಡು ತಿಂಗಳು ತುಂಬುವ ಮುನ್ನವೇ ತಾಯಿಯನ್ನು ಯಾವುದೋ ಲಾರಿಯ ಗಾಲಿಗೆ ಒಪ್ಪಿಸಿ ಅನಾಥವಾಗಿದ್ದ ನಾಟಿ ಪ್ರಾಣಿ ಅದು. ಮೈಯೆಲ್ಲ ಬಿಳುಪು, ಎಡಗಿವಿ ಮಾತ್ರ ಹಳೆಯ ಬೆಲ್ಲದ ಬಣ್ಣ. ದೀಪ ಹಚ್ಚುವ ವೇಳೆಗೆ ಸಂಧಿಯ ಷರತ್ತುಗಳು ಇತ್ಯರ್ಥವಾದವು: ಜಗಲಿ ಅದರದು, ನಡುಮನೆ ನಮ್ಮದು, ಅಡುಗೆಮನೆಯ ಹೊಸ್ತಿಲಿನಿಂದಾಚೆಗಿನದೆಲ್ಲ ದೇವರದು ಮತ್ತು ತಾಯಿಯವರದು.

ಹೆಸರಿಡುವ ಅಧಿಕಾರವನ್ನಾದರೂ ನನಗೆ ಉಳಿಸಿಕೊಳ್ಳಬೇಕೆಂದು ನಾನು ‘ಕಾಳಿ’ ಎಂದೆ. ಬಿಳಿಯ ನಾಯಿಗೆ ಕಾಳಿಯೇ ಎಂದು ಎಲ್ಲರೂ ನಕ್ಕರು. ಆದರೆ ನನ್ನ ಮನಸ್ಸಿನಲ್ಲಿದ್ದುದು ಬಣ್ಣವಲ್ಲ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಒಂದು ವೀರಗಲ್ಲು. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದುದಕ್ಕೆ ಮೆಚ್ಚಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬನವಾಸಿ 12000, ಬೆಳ್ವೊಲ 300 ಎಂದು ನಾಡುನಾಡುಗಳನ್ನೇ ಅವನಿಗೆ ಧಾರೆಯೆರೆದನು. ಅದೇ ಯುದ್ಧದಲ್ಲಿ ಹೋರಾಡಿದ ಮಣಲೇರನೆಂಬ ವೀರನಾದರೋ, ಬೇಕಾದುದನ್ನು ಬೇಡಿಕೋ ಎಂದು ಒಡೆಯನ ಅಪ್ಪಣೆಯಾದಾಗ, ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ತರುವಾಯ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಎರಡೂ ಒಟ್ಟಿಗೇ ಸತ್ತಾಗ, ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದೆದುರು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಸಾಮ್ರಾಜ್ಯದ ಕಥೆಯನ್ನು ನಾವಿಂದು ಓದುತ್ತಿರುವುದು ನಾಯಿಯ ಕಲ್ಲಿನ ಮೇಲೆ ಎಂಬುದು ನನಗೆ ಯಾವಾಗಲೂ ನ್ಯಾಯವೆಂದೇ ತೋರಿದೆ.

ತಾಯಿಯವರಿಗೆ ಹಾಗೆ ತೋರಲಿಲ್ಲ. “ಮುಸ್ಸಂಜೆ ಹೊತ್ತಲ್ಲಿ ಬಾಗಿಲಲ್ಲಿ ನಿಂತು ‘ಕಾಳೀ, ಬಾರೇ’ ಅಂತ ಕೂಗ್ತೀಯೇನೋ? ಅವಳೇ ಬಂದುಬಿಟ್ಟರೆ ಅನ್ನಕ್ಕೆ ಎಷ್ಟು ಅಕ್ಕಿ ಇಡಲಿ?” ಎಂದರು. ಇದಕ್ಕೆ ಶಾಸನಶಾಸ್ತ್ರದಲ್ಲಿ ಉತ್ತರವಿಲ್ಲ. ಮಗಳು ಎಡಗಿವಿಯನ್ನು ನೋಡಿ ‘ಬೆಲ್ಲ’ ಎಂದಳು, ಅದೇ ನಿಂತಿತು.

ಮೊದಲ ರಾತ್ರಿಯನ್ನು ನೆನೆದರೆ ಈಗಲೂ ಕಿವಿ ತುಂಬುತ್ತದೆ. ಬಿದಿರಿನ ಬುಟ್ಟಿಯಲ್ಲಿ ಗೋಣಿತಾಟು ಹಾಸಿ, ಬೆಚ್ಚನೆಯ ಹಾಲಿನಲ್ಲಿ ಕಲಸಿದ ರಾಗಿ ಗಂಜಿ ಕುಡಿಸಿ, ತಾಯಿಯ ಎದೆಬಡಿತವೆಂದು ಮರಿ ಭ್ರಮಿಸೀತೆಂಬ ಯಾರದೋ ಬುದ್ಧಿವಾದವನ್ನು ನಂಬಿ, ಟೈಂಪೀಸೊಂದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟು ನಾನು ಮಲಗಿದೆ. ಮರಿ ಭ್ರಮಿಸಲಿಲ್ಲ. ಹತ್ತು ಗಂಟೆಗೆ ಸಣ್ಣ ಕುಂಯ್‌ಗುಡುವಿಕೆಯಾಗಿ ಮೊದಲಾದ ರೋದನವು ಹನ್ನೆರಡಕ್ಕೆ ತಾರಸ್ಥಾಯಿಗೇರಿತು. ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ನನ್ನ ಟೈಂಪೀಸಿಗೇ ಜಯವೆಂದು ಹಿಗ್ಗಿ ನಿದ್ದೆಹೋದವನು, ಕೀಲಿ ಕೊಡುವಾಗ ಅಲಾರಂ ತಪ್ಪಿಸುವುದನ್ನು ಮರೆತಿದ್ದರಿಂದ, ನಾಲ್ಕೂವರೆಗೆ ಆ ಗಡಿಯಾರ ಬೊಬ್ಬಿಟ್ಟಾಗ ಗಾಬರಿಯಿಂದೆದ್ದು ಜಗಲಿಗೆ ಓಡಿದೆ. ಬುಟ್ಟಿ ಬರಿದಾಗಿತ್ತು. ಕಂಬಕ್ಕೊರಗಿ ಕುಳಿತಿದ್ದ ತಾಯಿಯವರ ಸೆರಗಿನೊಳಗಿಂದ ಬೆಲ್ಲದ ಬಣ್ಣದ ಕಿವಿಯೊಂದು ಇಣುಕುತ್ತಿತ್ತು. ನಾನು ಬಾಯಿ ತೆರೆಯುವ ಮುನ್ನವೇ, “ಇನ್ನೂ ನನ್ನ ಸ್ನಾನ ಆಗಿಲ್ಲವಲ್ಲ, ಮುಟ್ಟಿದರೇನು?” ಎಂದರು. ಅಲ್ಲಿಂದಾಚೆಗೆ ನಮ್ಮ ಮನೆಯ ಮಡಿಗೆ ಸ್ನಾನಪೂರ್ವ, ಸ್ನಾನೋತ್ತರ ಎಂಬ ಎರಡು ಸ್ಪಷ್ಟ ಯುಗಗಳು ಏರ್ಪಟ್ಟು, ಮೊದಲನೆಯ ಯುಗವು ದಿನದಿನಕ್ಕೆ ಹಿಗ್ಗುತ್ತ ಬಂದು, ಈಗ ಅವರ ಸ್ನಾನ ಒಂಬತ್ತು ಗಂಟೆಗೆ ಮುಟ್ಟಿದೆ.

ಆತಕೂರಿನ ಆ ಶಾಸನದಲ್ಲಿ ಒಂದು ಕಟ್ಟಳೆಯಿದೆ. ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟತಕ್ಕದ್ದು. ಹಸುವನ್ನು ಕೊಂದ ಪಾಪ, ಕಾಶಿಯನ್ನು ಅಳಿದ ಪಾಪ ಎಂದು ಹೆದರಿಸುವ ಶಾಪಗಳು ಶಾಸನಗಳಲ್ಲಿ ಎಷ್ಟೋ ಇವೆ. ಆದರೆ ನಾಯಿಯು ಅಂತಹ ಯಾವ ಪಾಪವನ್ನು ಮಾಡಿದ್ದೀತೆಂದು ನಾನು ಬಹುಕಾಲ ಸೋಜಿಗಪಟ್ಟಿದ್ದೆ. ಬೆಲ್ಲ ನಮ್ಮ ಮನೆಗೆ ಬಂದ ಮೂರೇ ವಾರಗಳಲ್ಲಿ ನನ್ನ ಸಂದೇಹ ಪರಿಹಾರವಾಯಿತು. ನನ್ನ ಬಲಗಾಲಿನ ಚಪ್ಪಲಿಗಳು ಎರಡು. ಮಗಳ ಲೆಕ್ಕದ ಪುಸ್ತಕ, ಅದೂ ಅವಳ ಸಮ್ಮತಿಯಿಂದಲೇ ಇರಬೇಕೆಂದು ನನ್ನ ಗುಮಾನಿ. ಹೂಬತ್ತಿಯ ಹತ್ತಿಯ ಇಡೀ ಉಂಡೆ. ಪಂಚಾಂಗದಲ್ಲಿ ಆಷಾಢ ಶ್ರಾವಣಗಳು ಸಮೂಲ, ಭಾದ್ರಪದ ಚೌತಿಯವರೆಗೆ. ಆ ವರ್ಷ ನಮ್ಮ ಮನೆಯಲ್ಲಿ ಶ್ರಾವಣದ ಹಬ್ಬಗಳೆಲ್ಲ ನೆರೆಮನೆಯವರನ್ನು ಕೇಳಿಯೇ ನಡೆದವು.

ಪಂಚಾಂಗ ಹೋದ ದಿನ ಇದರ ಆಯುಸ್ಸು ತೀರಿತೆಂದೇ ನಾನು ಎಣಿಸಿದ್ದೆ. ತಾಯಿಯವರು ಚೂರುಗಳನ್ನು ಆಯ್ದು ಒಟ್ಟುಮಾಡಿ, ಮರಿಯನ್ನು ಗದರಿಸಿ, ಒಳಕ್ಕೆ ಹೋದರು. ಮಧ್ಯಾಹ್ನ ಎಲೆ ಹಾಕಿ ಅನ್ನ ಬಡಿಸಿಯಾದ ಮೇಲೆಯೂ ಅವರು ಕೈ ನೀಡದೆ, ಹೊಸ್ತಿಲಿನ ಆಚೆಗೆ ನೋಡುತ್ತ, “ಅದಕ್ಕೆ ಹಾಕಿದಿರೇನೋ?” ಎಂದು ಕೇಳಿದರು. ಯಾರೂ ಹಾಕಿರಲಿಲ್ಲ. ಅವರೇ ಎದ್ದು ಮೊಸರನ್ನ ಕಲಸಿ, ಹಿತ್ತಾಳೆಯ ತಟ್ಟೆಯೊಂದರಲ್ಲಿ ಜಗಲಿಗೆ ಒಯ್ದು, ಅದು ಕೊನೆಯ ಅಗುಳನ್ನು ನೆಕ್ಕುವವರೆಗೂ ನಿಂತಿದ್ದು, ಕೈಕಾಲು ತೊಳೆದು ಬಂದು ಉಣ್ಣಲು ಕುಳಿತರು. ಅಂದಿನಿಂದ ಇಂದಿನವರೆಗೆ ಈ ಕ್ರಮ ತಪ್ಪಿಲ್ಲ. ಅವರು ಆ ಶಾಸನವನ್ನು ಓದಿದವರಲ್ಲ. ನಾನು ಓದಿ ಹೇಳಿಯೂ ಇಲ್ಲ.

ಆದುದರಿಂದ ನಮ್ಮ ಮನೆಗೆ ಊಟಕ್ಕೆ ದಯಮಾಡಿಸುವ ಮಹನೀಯರು, ಎಲೆಯ ಮುಂದೆ ಕುಳಿತ ಮೇಲೆ ಒಂದು ಐದು ನಿಮಿಷ ತಡವಾದರೆ ಬೇಸರಪಡಬಾರದಾಗಿ ಪ್ರಾರ್ಥನೆ.